ಬೆನಗಲ್ ನರಸಿಂಗರಾಯರು

ಒಂದೇ ನೆಲಕ್ಕೆ ಇಬ್ಬರು ಹಕ್ಕು ಹೇಳುವುದು, ಒಂದೇ ಹಳ್ಳದ ನೀರಿಗೆ ಎರಡು ಹೊಲದವರು ಕೈಯೊಡ್ಡುವುದು ಲೋಕದಲ್ಲಿ ಹೊಸದಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬದುವಿನ ಕಲ್ಲು ಒಂದು ಮೊಳ ಸರಿದರೆ ಒಡಹುಟ್ಟಿದ ಅಣ್ಣತಮ್ಮಂದಿರು ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಮೇಲಿನ ಹೊಲದವನು ಒಡ್ಡನ್ನು ಎತ್ತರಿಸಿದರೆ ಕೆಳಗಿನ ಹೊಲದವನ ಜೋಳ ತೆನೆಗಟ್ಟುವ ಮೊದಲೇ ಬಾಡುತ್ತದೆ. ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು ಇಬ್ಬರ ಮಾತನ್ನೂ ಕೇಳಿ, ಹೊಲಕ್ಕೆ ಹೋಗಿ ಕಣ್ಣಾರೆ ನೋಡಿ, ಒಂದು ತೀರ್ಮಾನ ಹೇಳುತ್ತಾರೆ. ಆದರೆ ಜಗಳವಾಡುವವರು ಎರಡು ಮನೆಯವರಲ್ಲದೆ ಎರಡು ಪ್ರಾಂತಗಳ ಜನರೋ ಎರಡು ರಾಷ್ಟ್ರಗಳ ಜನರೋ ಆದಾಗ ಕಟ್ಟೆಯ ಹಿರಿಯನ ಜಾಣ್ಮೆಯೊಂದೇ ಸಾಲದು. ಅಲ್ಲಿ ಬೇಕಾದವನು ಹಳೆಯ ಕಾಗದಪತ್ರಗಳನ್ನು ತಾಳ್ಮೆಯಿಂದ ಓದಬಲ್ಲವನು. ನದಿಯ ನೀರಿನ ಲೆಕ್ಕವನ್ನು ಅರಿಯಬಲ್ಲವನು. ಅನ್ಯದೇಶಗಳಲ್ಲಿ ಇಂಥ ಕಲಹಗಳು ಹೇಗೆ ಬಗೆಹರಿದವೆಂಬುದನ್ನು ತಿಳಿದವನು. ಎಲ್ಲಕ್ಕಿಂತ ಮಿಗಿಲಾಗಿ ತನ್ನ ಒಲವನ್ನು ಬದಿಗಿಟ್ಟು ಯೋಚಿಸಬಲ್ಲವನು. ನಮ್ಮ ಕನ್ನಡ ಕರಾವಳಿಯಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ಅಂಥ ವಿದ್ವಾಂಸರಾಗಿದ್ದರು.

ನರಸಿಂಗರಾಯರು ಜನಿಸಿದ್ದು 1887ನೆಯ ಇಸವಿ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ತಂದೆ ರಾಘವೇಂದ್ರರಾಯರು ಹೆಸರಾಂತ ವೈದ್ಯರು. ಮನೆಮಾತು ಕೊಂಕಣಿ, ಊರಿನ ನುಡಿಗಳು ತುಳು ಮತ್ತು ಕನ್ನಡ. ವಿದ್ಯೆಗೆ ಬೆಲೆ ಕೊಡುವ ಮನೆತನ ಅದು. ನರಸಿಂಗರಾಯರ ತಮ್ಮಂದಿರಲ್ಲಿ ಒಬ್ಬರಾದ ರಾಮರಾಯರು ಮುಂದೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರರಾದರು; ಇನ್ನೊಬ್ಬರಾದ ಶಿವರಾಯರು ಪತ್ರಿಕೋದ್ಯಮದಲ್ಲಿ ಹೆಸರು ಗಳಿಸಿ ಸಂವಿಧಾನ ಸಭೆಯ ಸದಸ್ಯರಾದರು. ಬಾಲಕ ನರಸಿಂಗನು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಮದರಾಸು ಪ್ರಾಂತಕ್ಕೆ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವ್ಯಾಸಂಗ ಮುಗಿದ ಮೇಲೆ ವಿದ್ಯಾರ್ಥಿವೇತನ ದೊರೆತು, ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಟ್ರಿನಿಟಿ ಕಾಲೇಜನ್ನು ಸೇರಿದನು. 1909ರಲ್ಲಿ ಅಲ್ಲಿಯ ಪದವಿಯೂ ಕೈಸೇರಿತು. ಅಂದಿನ ತರುಣರು ಸ್ವರ್ಗದ ಬಾಗಿಲೆಂದೇ ಭಾವಿಸಿದ್ದ ಐ.ಸಿ.ಎಸ್. ಪರೀಕ್ಷೆಯಲ್ಲಿಯೂ ಜಯ ದೊರೆಯಿತು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ಹೊಸ ಅಧಿಕಾರಿಗೆ ಸರ್ಕಾರವು ಮದರಾಸು ಪ್ರಾಂತದಲ್ಲಿಯೇ ಕೆಲಸ ಕೊಡಲು ನಿಶ್ಚಯಿಸಿತ್ತು. ಮನೆಗೆ ಹತ್ತಿರ, ನಂಟರಿಷ್ಟರ ನಡುವೆ, ಪರಿಚಿತ ನೆಲದಲ್ಲಿ ಅಧಿಕಾರ; ಬೇರೆಯವರಾಗಿದ್ದರೆ ಇದನ್ನು ಭಾಗ್ಯವೆಂದೇ ಬಗೆಯುತ್ತಿದ್ದರು. ನರಸಿಂಗರಾಯರು ಬೇಡವೆಂದು ಬರೆದುಕೊಂಡರು. ಆ ಪ್ರಾಂತದಲ್ಲಿ ತಮಗೆ ಬಂಧುಮಿತ್ರರು ಬಹಳ, ಅದು ತಮ್ಮ ಕರ್ತವ್ಯಕ್ಕೆ ತೊಡಕಾದೀತು, ಆದುದರಿಂದ ಬೇರೆ ಯಾವುದಾದರೂ ಪ್ರಾಂತಕ್ಕೆ ಕಳುಹಿಸಬೇಕು ಎಂಬುದು ಅವರ ಬಿನ್ನಹ. ಇಪ್ಪತ್ತೆರಡರ ಹರೆಯದ ತರುಣನೊಬ್ಬನು ಹೀಗೆ ಯೋಚಿಸಿದನೆಂಬುದು ಆಶ್ಚರ್ಯದ ಮಾತು. ನ್ಯಾಯ ಹೇಳಬೇಕಾದವನು ಯಾವ ಪಕ್ಷದವರ ಮನೆಯ ಊಟಕ್ಕೂ ಕೂರಬಾರದೆಂಬುದು ನಮ್ಮ ಹಳ್ಳಿಗಳಲ್ಲಿಯೂ ಉಳಿದಿರುವ ನಂಬಿಕೆ. ಆ ತರುಣನಿಗೆ ಬಂಗಾಳ ದೊರೆಯಿತು.

ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ ಕೆಲಸ ಮಾಡಿದ ಬಳಿಕ, 1925ರಲ್ಲಿ ಅವರು ಅಸ್ಸಾಂ ಪ್ರಾಂತಕ್ಕೆ ಹೋದರು. ಅಲ್ಲಿಯ ಶಾಸನಸಭೆಯ ಕಾರ್ಯದರ್ಶಿತ್ವವೂ ಸರ್ಕಾರದ ಕಾನೂನು ಸಲಹೆಯ ಹೊಣೆಯೂ ಅವರ ಮೇಲೆ ಬಿದ್ದುವು. ಮಸೂದೆಗಳನ್ನು ಬರೆಯುವ ಕಲೆಯಲ್ಲಿ ಅವರು ಪಳಗಿದ್ದು ಅಲ್ಲಿಯೇ. ಒಂದು ಪದ ಹೆಚ್ಚಾದರೆ ಒಬ್ಬ ಬಡವನ ಹಕ್ಕು ಹೋದೀತು, ಒಂದು ಪದ ಕಡಿಮೆಯಾದರೆ ಒಬ್ಬ ಬಲ್ಲಿದನಿಗೆ ಕಳ್ಳದಾರಿ ದೊರೆತೀತು ಎಂಬ ಎಚ್ಚರದಿಂದ ಬರೆಯಬೇಕಾದ ಬರಹ ಅದು. 1935ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಭಾರತ ಸರ್ಕಾರದ ಕಾಯಿದೆಯನ್ನು ಅಂಗೀಕರಿಸಿದಾಗ, ದೇಶದಲ್ಲಿ ಜಾರಿಯಲ್ಲಿದ್ದ ಹಳೆಯ ಕಾನೂನುಗಳನ್ನೆಲ್ಲ ಹೊಸ ಕಾಯಿದೆಗೆ ಹೊಂದಿಸಿ ತಿದ್ದುವ ಮಹಾಕಾರ್ಯಕ್ಕೆ ದಿಲ್ಲಿಯವರು ಕರೆದದ್ದು ಈ ಅಸ್ಸಾಮಿನ ಅಧಿಕಾರಿಯನ್ನೇ. 1938ರಲ್ಲಿ ಸರ್ ಪದವಿ ಬಂದಿತು. ಮರುವರ್ಷ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪೀಠದಲ್ಲಿ ಅವರು ನೆಮ್ಮದಿಯಾಗಿ ಕುಳಿತದ್ದು ಕಡಿಮೆ. ಒಂದಲ್ಲ ಒಂದು ವಿಚಾರಣೆಗಾಗಿ ಸರ್ಕಾರವು ಅವರನ್ನು ಎಬ್ಬಿಸಿ ಕರೆದೊಯ್ಯುತ್ತಲೇ ಇತ್ತು. ಅಂಥ ವಿಚಾರಣೆಗಳಲ್ಲಿ ಬಲು ದೊಡ್ಡದು ಸಿಂಧೂ ನದಿಯದು.

ಸಿಂಧೂ ನದಿಯು ಹಿಮಾಲಯದಾಚೆ ಹುಟ್ಟಿ, ಝೇಲಂ, ಚಿನಾಬ್, ರಾವಿ, ಬಿಯಾಸ್, ಸತ್ಲಜ್ ನದಿಗಳ ನೀರನ್ನು ಕೂಡಿಸಿಕೊಂಡು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೇಲ್ಗಡೆ ಪಂಜಾಬ್, ಕೆಳಗಡೆ ಸಿಂಧ್. ಸಿಂಧ್ ಪ್ರದೇಶವು 1936ರ ಏಪ್ರಿಲ್ 1ರವರೆಗೆ ಮುಂಬಯಿ ಪ್ರಾಂತದ ಒಂದು ಭಾಗವಾಗಿತ್ತು. ಅಂದಿನ ಬಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೇ ಸೇರಿದ್ದರಿಂದ ಇಂಡಿಯ ರೈತನೂ ಸಿಂಧಿನ ರೈತನೂ ಒಂದೇ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದರು. ಸಿಂಧಿನಲ್ಲಿ ಮಳೆ ಅತ್ಯಲ್ಪ. ಅಲ್ಲಿಯ ಅನೇಕ ಹೊಲಗಳು ಮಹಾಪೂರದ ಕಾಲುವೆಗಳನ್ನು ನಂಬಿದ್ದುವು. ಈ ಕಾಲುವೆಗಳಿಗೆ ಅಣೆಕಟ್ಟಿನ ಆಸರೆಯಿಲ್ಲ. ಬೇಸಗೆಯ ಹಿಮ ಕರಗಿ, ಮೇಲಿನ ಮಳೆ ಸೇರಿ, ನದಿಯ ಮಟ್ಟ ಏರಿದಾಗ ಮಾತ್ರ ಕಾಲುವೆಯ ಬಾಯಿಗೆ ನೀರು ಬರುತ್ತದೆ. ಮಟ್ಟ ಒಂದೆರಡು ಅಡಿ ಇಳಿದರೂ ಸಾಕು, ನದಿಯಲ್ಲಿ ಹೊಳೆಯಷ್ಟು ನೀರು ಹರಿಯುತ್ತಿದ್ದರೂ ಕಾಲುವೆ ಬರಿದಾಗಿರುತ್ತದೆ. ಹೊಳೆಯ ದಂಡೆಯಲ್ಲಿಯೇ ನಿಂತು ಒಣಗಿದ ಬೆಳೆಯನ್ನು ನೋಡುವ ಸಂಕಟ ಎಂಥದೆಂಬುದನ್ನು ಭೀಮಾತೀರದವರು ಊಹಿಸಬಲ್ಲರು.

ಪಂಜಾಬಿನವರ ಕಷ್ಟವೂ ಸುಳ್ಳಲ್ಲ. ಆ ಪ್ರಾಂತದ ಆಗ್ನೇಯ ಭಾಗದಲ್ಲಿ ಬರಗಾಲ ಮೇಲಿಂದ ಮೇಲೆ ಬರುತ್ತಿತ್ತು. ಸತ್ಲಜ್ ನದಿಗೆ ಭಾಕ್ರಾ ಎಂಬಲ್ಲಿ ದೊಡ್ಡ ಅಣೆಕಟ್ಟು ಕಟ್ಟಿ ಆ ಒಣನೆಲಕ್ಕೆ ನೀರು ಹರಿಸಬೇಕೆಂದು ಅವರ ಎಂಜಿನಿಯರರು ಯೋಜನೆ ಹೂಡಿದರು. ಹಾಗಾದರೆ ತಮ್ಮ ಮಹಾಪೂರದ ಕಾಲುವೆಗಳು ಸಾಯುತ್ತವೆಂದು ಸಿಂಧಿನವರು 1939ರಲ್ಲಿ ವೈಸರಾಯರಿಗೆ ದೂರು ಕೊಟ್ಟರು. ಎರಡು ಕಡೆಯೂ ನಿಜವಾದ ಹಸಿವು. ಎರಡು ಕಡೆಯೂ ನಿಜವಾದ ಭಯ. ಒಬ್ಬನು ಕಳ್ಳ, ಇನ್ನೊಬ್ಬನು ಸಾಹುಕಾರ ಎಂದು ಹೇಳಿ ಮುಗಿಸುವಂತಹ ವ್ಯಾಜ್ಯ ಇದಾಗಿರಲಿಲ್ಲ. 1941ರ ಸೆಪ್ಟೆಂಬರಿನಲ್ಲಿ ಸರ್ಕಾರವು ನರಸಿಂಗರಾಯರ ಅಧ್ಯಕ್ಷತೆಯಲ್ಲಿ, ಇಬ್ಬರು ಎಂಜಿನಿಯರರನ್ನು ಸದಸ್ಯರನ್ನಾಗಿ ಮಾಡಿ, ಸಿಂಧೂ ಆಯೋಗವನ್ನು ನೇಮಿಸಿತು.

ಆಯೋಗದ ಮುಂದೆ ಮೊದಲು ನಿಂತ ಪ್ರಶ್ನೆ ನೀರಿನ ಅಳತೆಯದಲ್ಲ, ಹಕ್ಕಿನದು. ನದಿ ಯಾರದು? ಲೋಕದಲ್ಲಿ ಇದಕ್ಕೆ ಎರಡು ಹಳೆಯ ಉತ್ತರಗಳಿದ್ದುವು. ತನ್ನ ಗಡಿಯೊಳಗೆ ಹರಿಯುವ ನೀರೆಲ್ಲ ತನ್ನದೇ, ಕೆಳಗಿನವರು ಏನಾದರೇನು ಎಂಬುದು ಮೇಲ್ದಂಡೆಯವರ ವಾದ. ಅಮೆರಿಕ ಸರ್ಕಾರದ ಅಟಾರ್ನಿ ಜನರಲ್ ಒಬ್ಬರು 1895ರಲ್ಲಿ ಮೆಕ್ಸಿಕೋ ದೇಶದೊಡನೆ ಬಂದ ನದೀವ್ಯಾಜ್ಯದಲ್ಲಿ ಈ ವಾದವನ್ನೇ ಹೂಡಿದ್ದರು. ನದಿ ಅನಾದಿಯಿಂದ ಹರಿದಂತೆಯೇ ಒಂದು ಹನಿಯೂ ಕುಂದದೆ ತಮ್ಮ ಗಡಿಗೆ ಬರಬೇಕು ಎಂಬುದು ಕೆಳದಂಡೆಯವರ ವಾದ. ಮೊದಲನೆಯದನ್ನು ಒಪ್ಪಿದರೆ ಸಿಂಧ್ ಮರುಭೂಮಿಯಾದೀತು. ಎರಡನೆಯದನ್ನು ಒಪ್ಪಿದರೆ ಪಂಜಾಬಿನವರು ಕಣ್ಣೆದುರಿನ ನೀರನ್ನು ಮುಟ್ಟದೆ ಕುಳಿತಿರಬೇಕಾದೀತು. ನರಸಿಂಗರಾಯರು ಎರಡನ್ನೂ ಕೈಬಿಟ್ಟರು. ಅಮೆರಿಕದ ರಾಜ್ಯರಾಜ್ಯಗಳ ನಡುವೆ ನದಿಗಳಿಗಾಗಿ ನಡೆದ ಮೊಕದ್ದಮೆಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪುಗಳನ್ನು ಅವರು ಆಳವಾಗಿ ಅಭ್ಯಾಸ ಮಾಡಿದರು. ನದಿಯು ಆದಿಯಿಂದ ಅಂತ್ಯದವರೆಗೆ ಒಂದೇ ಶರೀರ. ಅದರ ದಂಡೆಯ ಎಲ್ಲ ಜನರೂ ಪಾಲುದಾರರು. ಪಾಲು ಸಮಪಾಲೇ ಆಗಬೇಕೆಂದಿಲ್ಲ, ಆದರೆ ನ್ಯಾಯವಾದ ಪಾಲಾಗಬೇಕು. ಇದು ಅವರು ಹಿಡಿದ ದಾರಿ. ನ್ಯಾಯೋಚಿತ ಹಂಚಿಕೆಯೆಂಬ ಈ ತತ್ತ್ವವನ್ನು ಭಾರತದ ನದಿಗಳಿಗೆ ಅನ್ವಯಿಸಿ, ಅಷ್ಟು ಸ್ಪಷ್ಟವಾಗಿ ಬರೆದಿಟ್ಟ ಕೀರ್ತಿ ಈ ಆಯೋಗಕ್ಕೆ ಸಲ್ಲುತ್ತದೆ.

ತತ್ತ್ವ ಸಿಕ್ಕಿತು; ಇನ್ನು ಅಳತೆ. ಯಾವ ತಿಂಗಳಲ್ಲಿ ನದಿಯ ಮಟ್ಟ ಎಷ್ಟು, ಯಾವ ಕಾಲುವೆಯ ಬಾಯಿ ಎಷ್ಟು ಎತ್ತರದಲ್ಲಿದೆ, ಮೇಲೆ ಇಷ್ಟು ನೀರು ತಡೆದರೆ ಕೆಳಗೆ ಎಷ್ಟು ಇಳಿಯುತ್ತದೆ ಎಂಬ ಲೆಕ್ಕಗಳನ್ನು ಎರಡೂ ಪಕ್ಷದ ಎಂಜಿನಿಯರರು ತಂತಮ್ಮ ರೀತಿಯಲ್ಲಿ ಮಂಡಿಸಿದರು. ಪಂಜಾಬಿನ ಯೋಜನೆಗಳು ಪೂರ್ತಿಯಾದರೆ ಸಿಂಧಿನ ಮಹಾಪೂರದ ಕಾಲುವೆಗಳಿಗೆ, ಅದರಲ್ಲಿಯೂ ಬೆಳೆ ಹಣ್ಣಾಗುವ ಸೆಪ್ಟೆಂಬರ್ ತಿಂಗಳಿನಲ್ಲಿ, ನಿಜವಾದ ಹಾನಿ ತಟ್ಟುವುದು ಬಹುಮಟ್ಟಿಗೆ ಖಂಡಿತವೆಂದು ಆಯೋಗವು ಕಂಡಿತು. ಹಾಗೆಂದು ಪಂಜಾಬಿನವರು ಅಣೆಕಟ್ಟು ಕಟ್ಟಲೇಬಾರದೆಂದು ಹೇಳಲಿಲ್ಲ. ಸಿಂಧಿನಲ್ಲಿ ನದಿಗೆ ಅಡ್ಡಲಾಗಿ ಇನ್ನೆರಡು ಬ್ಯಾರೇಜುಗಳನ್ನು ಕಟ್ಟಿದರೆ ಕಾಲುವೆಗಳು ಮಹಾಪೂರವನ್ನು ಕಾಯಬೇಕಾಗಿಲ್ಲ. ಆ ವೆಚ್ಚದಲ್ಲಿ ಪಂಜಾಬಿನವರೂ ಒಂದು ಪಾಲು ಕೊಡಲಿ. ಆಗ ಮೇಲಿನವರಿಗೂ ನೀರು, ಕೆಳಗಿನವರಿಗೂ ನೀರು ಎಂಬುದು ಆಯೋಗದ ಸಲಹೆ. 1942ರ ಜುಲೈ ತಿಂಗಳಿನಲ್ಲಿ ವರದಿ ಸಿದ್ಧವಾಯಿತು. ಒಂದು ವರ್ಷದೊಳಗೆ, ಅದೂ ಮಹಾಯುದ್ಧದ ಗದ್ದಲದ ನಡುವೆ, ಇಂಥ ಕಾರ್ಯವನ್ನು ಮುಗಿಸಿದ್ದು ಸಾಮಾನ್ಯವಲ್ಲ.

ವರದಿಯನ್ನು ಎರಡು ಪ್ರಾಂತಗಳೂ ಒಪ್ಪಲಿಲ್ಲ. ಹಣ ಕೊಡಬೇಕೆಂದಾಗ ಪಂಜಾಬಿಗೆ ಅದು ಭಾರವಾಯಿತು. ಕೊಡುವ ಹಣ ಸಾಲದೆಂದು ಸಿಂಧಿಗೆ ತೋರಿತು. ವ್ಯಾಜ್ಯ ಲಂಡನ್ನಿಗೆ ಹೋಯಿತು. ಈ ನಡುವೆ ಎರಡೂ ಪ್ರಾಂತಗಳ ಮುಖ್ಯ ಎಂಜಿನಿಯರರು ತಾವೇ ಕುಳಿತು ಮಾತನಾಡಿ, 1945ರಲ್ಲಿ ನೀರಿನ ಹಂಚಿಕೆಯ ಕರಡೊಂದನ್ನು ಸಿದ್ಧಪಡಿಸಿದರು. ಹಣದ ಮಾತು ಮಾತ್ರ ಬಗೆಹರಿಯದೆ ಉಳಿಯಿತು. ಅಷ್ಟರಲ್ಲಿ ದೇಶವೇ ಎರಡಾಯಿತು. ಪ್ರಾಂತಗಳ ಜಗಳವು ರಾಷ್ಟ್ರಗಳ ಜಗಳವಾಗಿ, 1948ರ ಏಪ್ರಿಲ್ 1ರಂದು ಪೂರ್ವ ಪಂಜಾಬಿನಿಂದ ಪಶ್ಚಿಮಕ್ಕೆ ಹೋಗುವ ಕಾಲುವೆಗಳ ನೀರು ನಿಂತಿತು. ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ ಹಲವು ವರ್ಷಗಳ ಮಾತುಕತೆ ನಡೆದು, 1960ರ ಸೆಪ್ಟೆಂಬರ್ 19ರಂದು ಸಿಂಧೂ ಜಲ ಒಪ್ಪಂದಕ್ಕೆ ಸಹಿ ಬಿದ್ದಿತು. ಅದು ನೀರನ್ನು ಹಂಚಲಿಲ್ಲ, ನದಿಗಳನ್ನೇ ಹಂಚಿತು: ಪೂರ್ವದ ಮೂರು ಭಾರತಕ್ಕೆ, ಪಶ್ಚಿಮದ ಮೂರು ಬಹುಮಟ್ಟಿಗೆ ಪಾಕಿಸ್ತಾನಕ್ಕೆ. 1965 ಮತ್ತು 1971ರ ಯುದ್ಧಗಳಲ್ಲಿಯೂ ಆ ಒಪ್ಪಂದ ಮುರಿಯಲಿಲ್ಲ. 2025ರ ಏಪ್ರಿಲಿನಲ್ಲಿ, ಪಹಲ್ಗಾಮಿನ ಹತ್ಯೆಗಳ ತರುವಾಯ, ಭಾರತವು ಅದನ್ನು ತಡೆಹಿಡಿದಿರುವುದಾಗಿ ಸಾರಿತು.

ದೂರದ ಸಿಂಧೂ ನದಿಯ ಕಥೆ ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೃಷ್ಣಾ ನದಿಯನ್ನು ನೋಡಿರಿ. ಅದು ಮಹಾರಾಷ್ಟ್ರದಲ್ಲಿ ಹುಟ್ಟಿ, ನಮ್ಮ ನಾಡನ್ನು ಹಾಯ್ದು, ತೆಲುಗು ನಾಡನ್ನು ಸೇರುತ್ತದೆ. ಸ್ವತಂತ್ರ ಭಾರತದಲ್ಲಿ 1956ರ ಅಂತರರಾಜ್ಯ ಜಲವಿವಾದ ಕಾಯಿದೆಯಂತೆ, 1969ರಲ್ಲಿ ನ್ಯಾಯಮೂರ್ತಿ ಬಚಾವತರ ಅಧ್ಯಕ್ಷತೆಯಲ್ಲಿ ಕೃಷ್ಣಾ ನ್ಯಾಯಾಧಿಕರಣ ನೇಮಕಗೊಂಡಿತು. ಅದು ಹಿಡಿದ ಅಳತೆಗೋಲು ನರಸಿಂಗರಾಯರ ಆಯೋಗ ಹಿಡಿದಿದ್ದ ನ್ಯಾಯೋಚಿತ ಹಂಚಿಕೆಯದೇ. ಆ ತೀರ್ಪಿನಂತೆ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರ ಪ್ರದೇಶಕ್ಕೆ 800 ಟಿ.ಎಂ.ಸಿ. ನೀರು ನಿಗದಿಯಾಯಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅಂದಿನ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಅಣೆಕಟ್ಟು, ಅದರ ಕೆಳಗಿನ ನಾರಾಯಣಪುರದ ಅಣೆಕಟ್ಟು, ಅಲ್ಲಿಂದ ಸಿಂದಗಿಯ ಕಡೆಗೂ ಇಂಡಿಯ ಕಡೆಗೂ ಚಾಚಿರುವ ಇಂಡಿ ಶಾಖಾ ಕಾಲುವೆ, ಇವೆಲ್ಲ ಆ ಪಾಲಿನ ಬಲದ ಮೇಲೆ ನಿಂತಿವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕೊಯ್ನಾ ಅಣೆಕಟ್ಟಿನವರು ನೀರು ತಡೆದರೆ ಮುದ್ದೇಬಿಹಾಳದ ರೈತನು ಕೆಳದಂಡೆಯವನು. ಉಜನಿ ಜಲಾಶಯದಿಂದ ಭೀಮಾ ನದಿಗೆ ನೀರು ಬಿಡದಿದ್ದರೆ ಇಂಡಿಯವನೂ ಸಿಂದಗಿಯವನೂ ಕೆಳದಂಡೆಯವರು. ಆಗ ಅವರ ಬಾಯಲ್ಲಿ ಬರುವ ಮಾತು ಸಿಂಧಿನವರ ಮಾತೇ. ಆದರೆ ಆಲಮಟ್ಟಿಯ ಗೇಟುಗಳನ್ನು ಎತ್ತರಿಸುವ ಮಾತು ಬಂದಾಗ ಅದೇ ರೈತನು ಮೇಲ್ದಂಡೆಯವನಾಗುತ್ತಾನೆ. ಕೆಳಗಿನ ತೆಲುಗು ರೈತನು ಸಿಂಧಿನವರ ಹಾಗೆ ಮೊರೆಯಿಡುತ್ತಾನೆ. ಸರ್ವೋಚ್ಚ ನ್ಯಾಯಾಲಯವು 2000ನೆಯ ಇಸವಿಯಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿಗೆ ಮಿತಗೊಳಿಸಿತು. ಎರಡನೆಯ ನ್ಯಾಯಾಧಿಕರಣವು 2010ರಲ್ಲಿ 524.256 ಮೀಟರಿನವರೆಗೆ ಏರಿಸಬಹುದೆಂದಿತು. ವ್ಯಾಜ್ಯ ಮತ್ತೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಮೇಲಿನವನೂ ಕೆಳಗಿನವನೂ ಒಬ್ಬನೇ ಮನುಷ್ಯನಾಗಿರಬಲ್ಲನೆಂಬುದನ್ನು ಮರೆತವನಿಗೆ ಆ ಹಳೆಯ ವರದಿ ಅರ್ಥವಾಗಲಾರದು.

ಮತ್ತೆ ನರಸಿಂಗರಾಯರ ಜೀವನಕ್ಕೆ ಬರೋಣ. ಅದೇ 1941ರಲ್ಲಿ ಹಿಂದೂ ಕಾನೂನಿನ ಸುಧಾರಣೆಗಾಗಿ ನೇಮಕವಾದ ಸಮಿತಿಗೂ ಅವರೇ ಅಧ್ಯಕ್ಷರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು, ಏಕಪತ್ನೀತ್ವ, ವಿವಾಹ ವಿಚ್ಛೇದನ ಮೊದಲಾದ ವಿಷಯಗಳನ್ನು ಕುರಿತು ಆ ಸಮಿತಿಯು ಊರೂರು ಸುತ್ತಿ ಸಾಕ್ಷ್ಯ ಸಂಗ್ರಹಿಸಿ ಸಂಹಿತೆಯೊಂದರ ಕರಡನ್ನು ರೂಪಿಸಿತು. ವಿರೋಧ ಉಗ್ರವಾಗಿತ್ತು. ಕೊನೆಗೆ 1955 ಮತ್ತು 1956ರಲ್ಲಿ ಆ ವಿಷಯಗಳ ಕಾಯಿದೆಗಳು ಸಂಸತ್ತಿನಲ್ಲಿ ಅಂಗೀಕೃತವಾದಾಗ ನರಸಿಂಗರಾಯರು ಬದುಕಿರಲಿಲ್ಲ. 1944ರಲ್ಲಿ ನ್ಯಾಯಾಲಯದಿಂದ ನಿವೃತ್ತರಾಗಿ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜರಿಗೂ ಅವರಿಗೂ ಹೊಂದಿಕೆಯಾಗದೆ ಮರುವರ್ಷವೇ ಆ ಹುದ್ದೆಯನ್ನು ಬಿಟ್ಟು ಬಂದರು.

1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. ಈ ಕೆಲಸಕ್ಕೆ ಅವರು ವೇತನ ಪಡೆಯಲಿಲ್ಲ. ಲೋಕದ ಹಲವು ಸಂವಿಧಾನಗಳ ಸಾರವನ್ನು ಸದಸ್ಯರ ಕೈಗೆ ಸಿಗುವಂತೆ ಸಂಗ್ರಹಿಸಿ ಕೊಟ್ಟರು. 1947ರ ಅಕ್ಟೋಬರಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದ ಮೊದಲ ಕರಡನ್ನು ಬರೆದುಕೊಟ್ಟು, ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿಯ ನ್ಯಾಯಮೂರ್ತಿಗಳೊಡನೆಯೂ ರಾಜಕಾರಣಿಗಳೊಡನೆಯೂ ಸಮಾಲೋಚಿಸಿದರು. ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಆ ಕರಡನ್ನು ಮುಂದಿಟ್ಟುಕೊಂಡು, ಬದಲಿಸಿ, ಬೆಳೆಸಿ, ತಿದ್ದಿ, ಸಂವಿಧಾನಕ್ಕೆ ರೂಪ ಕೊಟ್ಟಿತು. ಸಭೆಯ ಕೊನೆಯ ದಿನಗಳಲ್ಲಿ ಅಂಬೇಡ್ಕರರು ತಮಗೆ ಸಂದ ಪ್ರಶಂಸೆಯ ಒಂದು ಭಾಗ ನರಸಿಂಗರಾಯರಿಗೆ ಸೇರತಕ್ಕದ್ದೆಂದು ತುಂಬಿದ ಸಭೆಯಲ್ಲಿ ಹೇಳಿದರು. ಬರ್ಮಾ ದೇಶದ ಸಂವಿಧಾನದ ರಚನೆಗೂ ನರಸಿಂಗರಾಯರ ನೆರವು ದೊರೆಯಿತು. ಪರೀಕ್ಷೆಯ ಪ್ರಶ್ನಪತ್ರಿಕೆಗಳಲ್ಲಿ ಅವರ ಹೆಸರು ಕಾಣಿಸುವುದು ಈ ಒಂದು ಕಾರಣಕ್ಕಾಗಿ ಮಾತ್ರ. ಅವರ ಜೀವನದ ಉಳಿದ ಭಾಗಕ್ಕೆ ಇದರಿಂದ ಅನ್ಯಾಯವಾಗಿದೆಯೆಂದೇ ನನ್ನ ಅಭಿಪ್ರಾಯ.

1949ರಿಂದ 1952ರ ಆರಂಭದವರೆಗೆ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950 ಮತ್ತು 1951ರಲ್ಲಿ ಭಾರತವು ಭದ್ರತಾ ಮಂಡಲಿಯ ಸದಸ್ಯತ್ವವನ್ನೂ ಪಡೆದಿತ್ತು. ಆ ಮಂಡಲಿಯ ಮುಂದೆ ಮೇಲಿಂದ ಮೇಲೆ ಬರುತ್ತಿದ್ದ ಕಲಹಗಳಲ್ಲಿ ಒಂದು ಪ್ಯಾಲೆಸ್ಟೈನಿನದು. ಇದೂ ಒಂದೇ ನೆಲಕ್ಕೆ ಎರಡು ಜನಾಂಗಗಳು ಹಕ್ಕು ಹೇಳಿದ ಕಥೆ. ಅರಬರು ಅಲ್ಲಿ ತಲೆತಲಾಂತರದಿಂದ ನೆಲೆಸಿ ಉಳುತ್ತಿದ್ದವರು. ಯೆಹೂದ್ಯರು ತಮ್ಮ ಪೂರ್ವಜರ ಪವಿತ್ರಭೂಮಿಯೆಂದು ಅದನ್ನು ಸಾವಿರಾರು ವರ್ಷ ನೆನೆದವರು. ಯುರೋಪಿನಲ್ಲಿ ಹಿಟ್ಲರನ ಆಳ್ವಿಕೆಯಲ್ಲಿ ಅರುವತ್ತು ಲಕ್ಷ ಬಂಧುಗಳನ್ನು ಕಳೆದುಕೊಂಡು ಆಸರೆಗಾಗಿ ಅಲ್ಲಿಗೆ ಧಾವಿಸಿದವರು. 1947ರಲ್ಲಿ ಅಲ್ಲಿಯ ಜನರಲ್ಲಿ ಮೂರರಲ್ಲಿ ಎರಡು ಪಾಲು ಅರಬರು, ಒಂದು ಪಾಲು ಯೆಹೂದ್ಯರು. ಆಳುತ್ತಿದ್ದ ಬ್ರಿಟಿಷರು ಕೈಚೆಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿದಾಗ, ಹನ್ನೊಂದು ರಾಷ್ಟ್ರಗಳ ಸಮಿತಿಯೊಂದು ಆ ಕಲಹವನ್ನು ಅಧ್ಯಯನ ಮಾಡಲು ಹೋಯಿತು. ಅದರಲ್ಲಿ ಭಾರತದ ಪರವಾಗಿ ಇದ್ದವರು ಲಾಹೋರಿನ ನ್ಯಾಯಾಧೀಶರಾದ ಸರ್ ಅಬ್ದುರ್ ರಹಮಾನರು. ನೆಲವನ್ನು ಎರಡಾಗಿ ಒಡೆಯಬೇಕೆಂದು ಏಳು ರಾಷ್ಟ್ರಗಳು ಹೇಳಿದುವು. ಭಾರತ, ಇರಾನ್, ಯುಗೊಸ್ಲಾವಿಯಗಳು ಮಾತ್ರ ಒಡೆಯದೆ ಇಬ್ಬರನ್ನೂ ಒಂದೇ ಸಂಯುಕ್ತ ರಾಜ್ಯದಲ್ಲಿ ಬಾಳಿಸಬೇಕೆಂದುವು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯು ವಿಭಜನೆಯನ್ನೇ ಅಂಗೀಕರಿಸಿತು.

ಆ ಸಮಿತಿಯ ಕಚೇರಿಯಲ್ಲಿ ರಾಲ್ಫ್ ಬಂಚ್ ಎಂಬ ಅಮೆರಿಕದ ನೀಗ್ರೋ ಜನಾಂಗದ ವಿದ್ವಾಂಸರಿದ್ದರು. ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ವಿಭಜನೆಯ ಪರವಾದ ವರದಿಯ ಕರಡನ್ನೂ ಅದರ ವಿರುದ್ಧವಾದ ವರದಿಯ ಕರಡನ್ನೂ ಒಂದೇ ನಿಷ್ಠೆಯಿಂದ ಸಿದ್ಧಪಡಿಸಿದರು. ಎರಡು ಪಕ್ಷಗಳ ವಾದವನ್ನೂ ಅವರವರಿಗಿಂತ ಚೆನ್ನಾಗಿ ಬರೆಯಬಲ್ಲವನೇ ಕಲಹದ ನಿಜವಾದ ವಿದ್ಯಾರ್ಥಿ. 1948ರಲ್ಲಿ ಯುದ್ಧ ಸಿಡಿದು, ಏಳು ಲಕ್ಷದಷ್ಟು ಪ್ಯಾಲೆಸ್ಟೈನಿನ ಅರಬರು ಮನೆಮಠ ಕಳೆದುಕೊಂಡರು. ಮಧ್ಯಸ್ಥರಾಗಿದ್ದ ಕೌಂಟ್ ಬರ್ನಾಡೋಟರನ್ನು ಜೆರೂಸಲೇಮಿನಲ್ಲಿ ಕೊಲ್ಲಲಾಯಿತು. ಆ ಸ್ಥಾನಕ್ಕೆ ಬಂದ ಬಂಚ್ ಅವರು 1949ರಲ್ಲಿ ನಾಲ್ಕು ಕದನವಿರಾಮದ ಒಪ್ಪಂದಗಳನ್ನು ಸಾಧಿಸಿ, ಮರುವರ್ಷ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದರು.

ಕದನ ನಿಂತರೂ ಕಲಹ ನಿಲ್ಲಲಿಲ್ಲ. ಅದು ನೀರಿಗೆ ಇಳಿಯಿತು. 1951ರ ಆರಂಭದಲ್ಲಿ ಇಸ್ರೇಲಿನವರು ಜೋರ್ಡಾನ್ ನದಿಯ ಮೇಲ್ಭಾಗದ ಹೂಲೇ ಎಂಬ ಜೌಗುಭೂಮಿಯ ನೀರನ್ನು ಬಸಿದು ಹೊಲ ಮಾಡಲು ತೊಡಗಿದರು. ಕೆಲಸ ನಡೆದ ಜಾಗದ ಒಂದು ಭಾಗ ಸೇನೆಯಿಲ್ಲದೆ ಇರಬೇಕೆಂದು ಒಪ್ಪಂದವಾಗಿದ್ದ ವಲಯದಲ್ಲಿತ್ತು. ಅಲ್ಲಿಯ ಕೆಲವು ಹೊಲಗಳು ಅರಬ್ ರೈತರವು. ಸಿರಿಯಾ ದೂರಿತು, ಗುಂಡು ಹಾರಿದುವು. ಒಪ್ಪಂದವಾಗುವವರೆಗೆ ಕೆಲಸ ನಿಲ್ಲಬೇಕು, ವಲಯದಿಂದ ಕಳುಹಿಸಲ್ಪಟ್ಟ ಅರಬರನ್ನು ಮರಳಿ ಬರಗೊಡಬೇಕು ಎಂಬ ನಿರ್ಣಯವನ್ನು ಭದ್ರತಾ ಮಂಡಲಿಯು 1951ರ ಮೇ 18ರಂದು ಅಂಗೀಕರಿಸಿತು. ಭಾರತದ ಮತವೂ ಅದರ ಪರವಾಗಿತ್ತು. ಮುಂದೆ 1953ರಿಂದ 1955ರವರೆಗೆ ಅಮೆರಿಕದ ಎರಿಕ್ ಜಾನ್‌ಸ್ಟನ್ ಎಂಬವರು ಜೋರ್ಡಾನ್ ನದಿಯ ನೀರನ್ನು ನಾಲ್ಕು ದೇಶಗಳಿಗೆ ಹಂಚುವ ಯೋಜನೆಯನ್ನು ಹೊತ್ತು ತಿರುಗಿದರು. ಎಂಜಿನಿಯರರು ಬಹುಮಟ್ಟಿಗೆ ಒಪ್ಪಿದರು, ರಾಜಕಾರಣ ಒಪ್ಪಲಿಲ್ಲ. ಸಿಂಧೂ ವರದಿಯ ಗತಿಯನ್ನು ಬಲ್ಲವರಿಗೆ ಇದು ಹೊಸ ಕಥೆಯೆನಿಸದು.

ನರಸಿಂಗರಾಯರ ಜೀವನದ ಅತ್ಯಂತ ಕಠಿಣ ಪರೀಕ್ಷೆ ಬಂದದ್ದು ಕೊರಿಯಾದಿಂದ. 1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಸರದಿಯ ಪ್ರಕಾರ ಆ ತಿಂಗಳು ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ಅವರೇ. ದಾಳಿಯನ್ನು ಖಂಡಿಸುವ ಮೊದಲ ನಿರ್ಣಯಕ್ಕೆ ಭಾರತದ ಮತ ನೀಡಿದರು. ಎರಡು ದಿನಗಳ ತರುವಾಯ ದಕ್ಷಿಣ ಕೊರಿಯಾಕ್ಕೆ ಸೈನ್ಯದ ನೆರವು ನೀಡಬೇಕೆಂಬ ನಿರ್ಣಯ ಬಂದಿತು. ದಿಲ್ಲಿಯಿಂದ ಅಪ್ಪಣೆ ಬಂದಿರಲಿಲ್ಲ. ಸಭೆ ಕಾಯಲಿಲ್ಲ. ಪೀಠದಲ್ಲಿ ಕುಳಿತೂ ಅವರು ಮತ ಹಾಕದೆ ಉಳಿದರು. ತಮ್ಮ ಮನಸ್ಸಿಗೆ ತೋಚಿದ್ದನ್ನು ದೇಶದ ಹೆಸರಿನಲ್ಲಿ ಹೇಳುವುದು ಅವರಿಂದಾಗದ ಕೆಲಸ.

ಆ ವರ್ಷದ ಕೊನೆಗೆ ಚೀನಾದ ಸೇನೆಯೂ ಯುದ್ಧಕ್ಕಿಳಿಯಿತು. ಮತ್ತೊಂದು ಮಹಾಯುದ್ಧದ ಭೀತಿ ಲೋಕವನ್ನೆಲ್ಲ ಕವಿಯಿತು. ಆಗ ಏಷ್ಯ ಮತ್ತು ಅರಬ್ ರಾಷ್ಟ್ರಗಳನ್ನು ಒಂದುಗೂಡಿಸಿ, ಮೊದಲು ಗುಂಡಿನ ಸದ್ದು ನಿಲ್ಲಲಿ, ಅನಂತರ ಮಾತು ನಡೆಯಲಿ ಎಂಬ ಸಲಹೆಯನ್ನು ನರಸಿಂಗರಾಯರು ಮುಂದಿಟ್ಟರು. ವಿಶ್ವಸಂಸ್ಥೆಯು ಡಿಸೆಂಬರ್ 14ರಂದು ಅದನ್ನು ಒಪ್ಪಿ, ಇರಾನಿನ ಎಂತೆಜಾಮ್, ಕೆನಡದ ಪಿಯರ್ಸನ್, ಭಾರತದ ನರಸಿಂಗರಾಯರು, ಈ ಮೂವರ ಮಂಡಲಿಯನ್ನು ನೇಮಿಸಿತು. ಚೀನಾ ಇವರ ಪ್ರಸ್ತಾಪವನ್ನು ತಳ್ಳಿಹಾಕಿತು. ಅಮೆರಿಕವು ಚೀನಾವನ್ನು ಆಕ್ರಮಣಕಾರನೆಂದು ಸಾರಲು ಆತುರಪಟ್ಟಿತು. ಹಾಗೆ ಸಾರಿದರೆ ಮಾತಿನ ಬಾಗಿಲು ಮುಚ್ಚೀತೆಂದು ನರಸಿಂಗರಾಯರು ಎಚ್ಚರಿಸಿದರು. 1951ರ ಫೆಬ್ರವರಿ 1ರಂದು ಮತಕ್ಕೆ ಹಾಕಿದಾಗ 44 ರಾಷ್ಟ್ರಗಳು ಆ ನಿರ್ಣಯದ ಪರ, ವಿರೋಧಿಸಿದವು ಏಳೇ. ಆ ಏಳರಲ್ಲಿ ಭಾರತ ಒಂದು.  ಯುದ್ಧ ಇನ್ನೂ ಎರಡು ವರ್ಷ ನಡೆದು, 1953ರ ಜುಲೈ 27ರಂದು, ಅದು ಆರಂಭವಾದ ಗಡಿಯ ಸಮೀಪದಲ್ಲಿಯೇ, ಕದನವಿರಾಮದೊಡನೆ ನಿಂತಿತು. ಯುದ್ಧಕೈದಿಗಳನ್ನು ಅವರವರ ಇಚ್ಛೆಯಂತೆ ಕಳುಹಿಸುವ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯನವರು.

ಅಷ್ಟು ಹೊತ್ತಿಗೆ ನರಸಿಂಗರಾಯರು ಹೇಗ್ ನಗರದಲ್ಲಿದ್ದರು. ರಾಷ್ಟ್ರರಾಷ್ಟ್ರಗಳ ವ್ಯಾಜ್ಯಗಳನ್ನು ತೀರ್ಮಾನಿಸುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಅವರು ನ್ಯಾಯಾಧೀಶರಾಗಿ ಚುನಾಯಿತರಾಗಿ, 1952ರಲ್ಲಿ ಅಧಿಕಾರ ವಹಿಸಿಕೊಂಡಿದ್ದರು. ಬಾಳೆಲ್ಲ ಅಭ್ಯಾಸ ಮಾಡಿದ ವಿದ್ಯೆಗೆ ತಕ್ಕ ಪೀಠ ಅದು. ಆದರೆ ದೇಹ ಸಹಕರಿಸಲಿಲ್ಲ. ಕಾಯಿಲೆ ಬಿದ್ದ ಅವರು 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು ಅರುವತ್ತಾರು. ಸಂವಿಧಾನದ ರಚನೆಯ ಕಾಲದಲ್ಲಿ ಅವರು ಬರೆದಿಟ್ಟ ಟಿಪ್ಪಣಿಗಳನ್ನೂ ಕರಡುಗಳನ್ನೂ ತಮ್ಮ ಶಿವರಾಯರು ಒಟ್ಟುಗೂಡಿಸಿ 1960ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಪ್ರಕಟಿಸಿದರು.